ನನ್ನ ಕಾಲರ್, ಅವಳ ಲೆನ್ಸ್

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಹೆಂಗಸು. ಐವತ್ತೆರಡು ದಾಟಿದ ಮೇಲೆ ಇನ್ನು ಯಾರ ಮುಂದೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕಾಗಿದೆ? ಚಿಕ್ಕವಳಿದ್ದಾಗ ತಂಗಿಯ ಉದ್ದ ಜಡೆಯ ಮೇಲೆ, ಕಾಲೇಜಿನಲ್ಲಿ ಪಕ್ಕದ ಬೆಂಚಿನವಳ ದುಂಡು ಅಕ್ಷರದ ಮೇಲೆ, ಬ್ಯಾಂಕಿಗೆ ಸೇರಿದ ಮೇಲೆ ನನಗಿಂತ ಮೊದಲು ಪ್ರಮೋಷನ್ ಆದವರೆಲ್ಲರ ಮೇಲೆ ನನಗೆ ಹೊಟ್ಟೆ ಉರಿದಿದೆ. ಅವೆಲ್ಲ ಬಂದು ಹೋದ ಉರಿ. ಕಾಶಿಗೆ ವರ್ಗವಾಗಿ ಬಂದ ಮೇಲೆ ಒಬ್ಬಳ ಮೇಲೆ ಹತ್ತಿಕೊಂಡದ್ದು ಮಾತ್ರ ಇನ್ನೂ ಆರಿಲ್ಲ.

ನನ್ನ ಗಂಡ ಬಳ್ಳಾರಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಬ್ಯಾಂಕಿನವರು ನನ್ನನ್ನು ಇಲ್ಲಿಗೆ ಎತ್ತಿಹಾಕಿದಾಗ ಅವರು ಅಲ್ಲೇ ಉಳಿದರು. ನಾನು ಭೇಲೂಪುರದಲ್ಲಿ, ಕೆಳಗೆ ಲೇಡೀಸ್ ಟೈಲರ್ ಅಂಗಡಿ ಇರುವ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆ. ವಾರವೆಲ್ಲ ಕೌಂಟರಿನ ಗಲಾಟೆಯಲ್ಲಿ ಕಳೆಯುತ್ತಿತ್ತು, ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ದೇವರ ದರ್ಶನವನ್ನಾದರೂ ಎಷ್ಟು ಸಲ ಮಾಡುವುದು? ಧಾರವಾಡದ ತವರುಮನೆಯಲ್ಲಿ ಬಿದ್ದಿದ್ದ ನನ್ನ ಕ್ಯಾಮೆರಾ ಮತ್ತು ಟ್ರೈಪಾಡ್ ತರಿಸಿಕೊಂಡೆ. ಆ ಟ್ರೈಪಾಡ್ ಎಂಥ ಭಾರದ್ದೆಂದರೆ, ಹೆಗಲ ಮೇಲೆ ಹೊತ್ತು ಗಲ್ಲಿಯಲ್ಲಿ ನಡೆದರೆ ರಸ್ತೆ ಅಳೆಯಲು ಬಂದ ಸರ್ಕಾರಿ ನೌಕರಳೆಂದು ತಿಳಿದು ರಿಕ್ಷಾದವರು ದಾರಿ ಬಿಡುತ್ತಿದ್ದರು. ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹಳೆಯ ಹುಚ್ಚು. ನನ್ನಲ್ಲಿದ್ದ ಲೆನ್ಸು ಚಿಕ್ಕದು. ಅದರಲ್ಲಿ ಗಂಗೆಯ ಆಚೆ ದಡದ ಹಕ್ಕಿಗಳು ಎಳ್ಳುಕಾಳಿನಷ್ಟು ಕಾಣುತ್ತಿದ್ದವು.

ಅವಳು ಸಿಕ್ಕಿದ್ದು ನಮ್ಮ ಕಡೆಯವರ ಮಠದಲ್ಲಿ. ಕಾಶಿಯಲ್ಲಿ ಕನ್ನಡದವರೆಂದರೆ ಚದುರಿಹೋದ ಒಂದಷ್ಟು ಮನೆಗಳು. ಸೋಮವಾರದ ಪ್ರಸಾದಕ್ಕೆ ಮಠದಲ್ಲಿ ಸೇರಿದಾಗಲೇ ನಾವು ಬಾಯಿತುಂಬ ಕನ್ನಡ ಆಡುವುದು. ಅವಳು ಮೈಸೂರಿನ ಕಡೆಯವಳು, ರೈಲ್ವೆಯ ಕಚೇರಿಯಲ್ಲಿ ಕೆಲಸ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳಿಗೆ ಒಬ್ಬಳೇ ಮಗಳು, ಆ ಮಗು ಇಲ್ಲಿಯ ಶಾಲೆಗೆ ಹೋಗಿ ಹೋಗಿ ಹಸಿವಾದರೂ ಹಿಂದಿಯಲ್ಲೇ "ಅಮ್ಮಾ, ಭೂಖ್ ಲಗಿ" ಅನ್ನುತ್ತದೆ. ನಾನು ಹಕ್ಕಿ, ಕ್ಯಾಮೆರಾ ಎಂದು ಮಾತಾಡಿದ್ದು ಕೇಳಿ ಅವಳು ನನ್ನ ಪಂಕ್ತಿಗೆ ಬಂದು ಕೂತಳು.

"ಅಕ್ಕ, ನಮ್ಮಣ್ಣ ಹೊಸ ಲೆನ್ಸ್ ತಗೊಂಡು ಹಳೇದನ್ನ ನಂಗೆ ಕೊಟ್ಬಿಟ್ಟಿದ್ದಾನೆ. ನಾನೂರು ಎಂಎಂ ಅಂತೆ. ಇಷ್ಟುದ್ದ ಇದೆ, ಎತ್ತಿದ್ರೆ ಕೈ ನಡುಗುತ್ತೆ. ಹೇಗೆ ಹಿಡಿಯೋದು ಅಂತ ಹೇಳ್ಕೊಡ್ತೀರಾ?"

ನಾನು ಪಾಯಸದ ಬಟ್ಟಲು ಕೆಳಗಿಟ್ಟೆ. ಅವಳ ಕ್ಯಾಮೆರಾ ಯಾವ ಕಂಪನಿಯದು ಎಂದು ಕೇಳಿದೆ. ನನ್ನದೇ ಕಂಪನಿ. ಅಂದರೆ ಅವಳ ಲೆನ್ಸು ನನ್ನ ಕ್ಯಾಮೆರಾಕ್ಕೂ ಕೂಡುತ್ತದೆ. ಆ ಕ್ಷಣದಲ್ಲಿ ನನಗೆ ಅವಳ ಮೇಲೆ ಉಕ್ಕಿದ ಪ್ರೀತಿಯಲ್ಲಿ ಮುಕ್ಕಾಲು ಪಾಲು ಲೆನ್ಸಿನ ಮೇಲಿನದು.

ಮರುವಾರವೇ ಅದನ್ನು ಟ್ರೈಪಾಡಿಗೆ ಏರಿಸಿ ನೋಡಿದೆವು. ಅಲ್ಲಿ ಒಂದು ತೊಡಕು. ಇಷ್ಟು ಉದ್ದದ ಲೆನ್ಸು ಹಾಕಿದ ಕ್ಯಾಮೆರಾವನ್ನು ನೇರವಾಗಿ ಟ್ರೈಪಾಡಿಗೆ ಬಿಗಿದರೆ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಹಕ್ಕಿಯ ಕಣ್ಣಿಗೆ ಗುರಿಯಿಟ್ಟು ಬಿಗಿ ಮಾಡಿ ಕೈ ಬಿಟ್ಟರೆ, ತೂಕಡಿಸುವವರ ತಲೆಯ ಹಾಗೆ ಲೆನ್ಸು ಮೆಲ್ಲನೆ ಬಾಗಿ ಹಕ್ಕಿಯ ಕಾಲಿನ ಮೇಲೆ ನಿಲ್ಲುತ್ತದೆ. ಅದಕ್ಕೇ ಇಂಥ ಲೆನ್ಸುಗಳ ನಡುವಿಗೆ ಒಂದು ಬಳೆ ಇರುತ್ತದೆ. ಬಳೆಯ ಅಡಿಯಲ್ಲೊಂದು ಪಾದ, ಆ ಪಾದ ಟ್ರೈಪಾಡಿನ ಮೇಲೆ ಕೂರುತ್ತದೆ, ಮುಂದಿನ ಭಾರ ಹಿಂದಿನ ಭಾರ ಸಮವಾಗುತ್ತದೆ. ಕಾಲರ್ ಎನ್ನುತ್ತಾರೆ. ಅವಳ ಅಣ್ಣ ಅದನ್ನು ಯಾವುದೋ ಪ್ರಯಾಣದಲ್ಲಿ ಬಿಚ್ಚಿಟ್ಟು ಕಳೆದುಕೊಂಡಿದ್ದ. ಹಳೆಯ ಮಾದರಿಯಾದ್ದರಿಂದ ಕಂಪನಿಯ ಕಾಲರ್ ಎಲ್ಲೂ ಸಿಗಲಿಲ್ಲ. ಬೇರೆ ಯಾರೋ ಮಾಡಿದ್ದು, "ಇದಕ್ಕೂ ಹೊಂದುತ್ತದೆ" ಎಂದು ಬರೆದುಕೊಂಡಿದ್ದನ್ನು ನಾನು ತರಿಸಿದೆ.

ಹೊಂದಿತು, ಆದರೆ ಉಗುರಿನಷ್ಟು ಸಡಿಲ. ತಿರುಪು ಎಷ್ಟು ಬಿಗಿದರೂ ಲೆನ್ಸು ಬಳೆಯೊಳಗೆ ಅಲುಗುತ್ತಿತ್ತು. ಕೆಳಗಿನ ಟೈಲರ್ ಹತ್ತಿರ ಕಂದು ಬಣ್ಣದ ಮಖಮಲ್ಲಿನ ಒಂದು ಪಟ್ಟಿ ಕೇಳಿ ತಂದು ಒಳಗೆ ಅಂಟಿಸಿದೆ. ಮಖಮಲ್ಲಿಗೆ ಒಂದು ಸ್ವಭಾವವಿದೆ, ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಸವರಿದರೆ ಒರಟು. ಅಂಟಿಸುವಾಗ ನನಗದು ಹೊಳೆಯಲಿಲ್ಲ. ಹಾಗಾಗಿ ನಮ್ಮ ಲೆನ್ಸು ಬಲಕ್ಕೆ ಸಲೀಸಾಗಿ ತಿರುಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ಹಟ ಮಾಡುತ್ತಿತ್ತು. ಆದರೂ ಕೂತಿತು. ಗುರಿಯಿಟ್ಟಲ್ಲಿ ನಿಂತಿತು. ಅವಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಹೀಗೆ ಲೆನ್ಸು ಅವಳದು, ಕಾಲರ್ ಮತ್ತು ಟ್ರೈಪಾಡ್ ನನ್ನವು. ಒಬ್ಬರನ್ನು ಬಿಟ್ಟು ಒಬ್ಬರು ಫೋಟೊ ತೆಗೆಯುವಂತಿರಲಿಲ್ಲ. ಇಬ್ಬರ ಕ್ಯಾಮೆರಾಗಳೂ ಜೊತೆಗಿರುತ್ತಿದ್ದವು, ಪಾಳಿ ಬಂದವರು ತಮ್ಮದನ್ನು ಲೆನ್ಸಿಗೆ ಕೂಡಿಸಿಕೊಳ್ಳುವುದು. ಪಾಳಿಗೆ ನಾನೇ ಒಂದು ನಿಯಮ ಮಾಡಿದೆ: ಹಕ್ಕಿ ಹಾರಿದರೆ ಪಾಳಿ ಬದಲು. ಕೂತಿರುವಷ್ಟು ಹೊತ್ತು ಒಬ್ಬರದು, ಅದು ಹಾರಿದ ಮೇಲೆ ಬರುವ ಹಕ್ಕಿ ಇನ್ನೊಬ್ಬರದು. ಒಂದು ಭಾನುವಾರ ಮುಗಿಯುವಾಗ ಪಾಳಿ ಯಾರ ಕೈಯಲ್ಲಿದೆಯೋ ಮುಂದಿನ ಭಾನುವಾರ ಅವರಿಂದಲೇ ಶುರು. ನ್ಯಾಯವಾಗಿಯೇ ಇದೆಯಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮೊದಲ ಚಳಿಗಾಲವೆಲ್ಲ ದಶಾಶ್ವಮೇಧದಿಂದ ನಾವೆ ಹಿಡಿದು ಆಚೆ ದಡದ ಮರಳಿಗೆ ಹೋಗುತ್ತಿದ್ದೆವು. ಪ್ರವಾಸಿಗರು ಖಾರದ ಸೇವು ಎರಚಿ ಕರೆಯುವ ಬಿಳಿ ಹಕ್ಕಿಗಳ ಕಡೆಗೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಮರಳಿನ ಮೇಲೆ ಜೋಡಿಜೋಡಿಯಾಗಿ ಚಕ್ರವಾಕಗಳು ಕೂರುತ್ತವೆ, ನಾವೆಯವರು ಚಕವಾ ಎನ್ನುತ್ತಾರೆ. ನಾನು ಅವಳಿಗೆ ಎಲ್ಲ ಹೇಳಿಕೊಟ್ಟೆ. ಬೆಳಕು ಬೆನ್ನ ಹಿಂದಿರಬೇಕು, ಉಸಿರು ಹಿಡಿದು ಒತ್ತಬೇಕು, ಕಣ್ಣು ಚೂಪಾಗಿ ಬರಬೇಕು. ಅವಳು ಹೂಂ ಹೂಂ ಎನ್ನುತ್ತ ಚುರುಮುರಿ ತಿನ್ನುತ್ತಿದ್ದಳು.

ಮೂರು ತಿಂಗಳಲ್ಲಿ ಅವಳು ನನ್ನನ್ನು ದಾಟಿಹೋದಳು.

ಇದು ಹೇಗಾಯಿತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ನನ್ನ ಪಾಳಿಯಲ್ಲಿ ಹಕ್ಕಿಗಳು ರಜೆ ಹಾಕುತ್ತಿದ್ದವು. ಬರುತ್ತಿದ್ದವು, ಕೂರುತ್ತಿದ್ದವು, ರೆಕ್ಕೆಯೊಳಗೆ ಕೊಕ್ಕು ತುರುಕಿ ಮಲಗುತ್ತಿದ್ದವು. ನಾನು ಒಂದೊಂದು ಗರಿಯೂ ಎಣಿಸುವಷ್ಟು ಚೂಪಾಗಿ ಮಲಗಿದ ಹಕ್ಕಿಯ ಫೋಟೊ ತೆಗೆಯುತ್ತಿದ್ದೆ. ಅವಳ ಪಾಳಿ ಬರಲಿ, ಅದೇ ಹಕ್ಕಿಗಳು ಜಗಳವಾಡುತ್ತಿದ್ದವು, ಕುಣಿಯುತ್ತಿದ್ದವು, ಒಂದರ ಮೇಲೊಂದು ನೀರು ಚಿಮ್ಮಿಸುತ್ತಿದ್ದವು. ಅವಳಿಗೆ ಇನ್ನೊಂದು ಚಾಳಿ ಇತ್ತು. ಕಾಲರಿನ ತಿರುಪು ಸಡಿಲಿಸಿದರೆ ಟ್ರೈಪಾಡ್ ಮುಟ್ಟದೆಯೇ ಲೆನ್ಸು, ಕ್ಯಾಮೆರಾ ಎರಡೂ ಬಳೆಯೊಳಗೆ ತಿರುಗುತ್ತವೆ, ಅಡ್ಡ ಫೋಟೊ ಉದ್ದವಾಗುತ್ತದೆ. ನಾನು ಅಡ್ಡ ಚೌಕಟ್ಟಿನವಳು. ಅವಳು ಕೂತ ಕೂಡಲೇ ಬಲಕ್ಕೆ ಒಂದು ಕಾಲು ಸುತ್ತು ತಿರುಗಿಸಿ ಉದ್ದ ಮಾಡಿಕೊಳ್ಳುತ್ತಿದ್ದಳು. "ಹಕ್ಕಿ ಮೇಲೆ ಆಕಾಶ ಇರ್ಬೇಕಲ್ವಾ ಅಕ್ಕ" ಎನ್ನುತ್ತಿದ್ದಳು. ನಾನು ತಂದ ಕಾಲರು, ನಾನು ಅಂಟಿಸಿದ ಮಖಮಲ್ಲು, ಅದು ಸಲೀಸಾಗಿ ತಿರುಗುವ ದಿಕ್ಕು ಕೂಡ ಅವಳಿಗೆ ಬೇಕಾದದ್ದೇ.

ಆ ವರ್ಷ ಮಠದ ದಾಸೋಹದ ಹಾಲಿಗೆ ಸುಣ್ಣ ಬಳಿದಿದ್ದರು. ಊರಿಂದ ಬರುವ ಯಾತ್ರಿಕರು ಊಟಕ್ಕೆ ಕೂರುವ ಜಾಗ ಅದು. ಕಿಟಕಿಗಳ ನಡುವೆ ಎರಡು ಗೋಡೆ ಖಾಲಿ ಉಳಿದಿದ್ದವು. ಹಿರಿಯ ಸ್ವಾಮಿಗಳು, ನಾವೆಲ್ಲ ಅಜ್ಜಾರು ಎಂದು ಕರೆಯುವವರು, ನಮ್ಮಿಬ್ಬರ ಫೋಟೊಗಳನ್ನೂ ತರಿಸಿಕೊಂಡು ಚಾಪೆಯ ಮೇಲೆ ಹರಡಿ ನೋಡಿದರು. ನನ್ನ ಇಪ್ಪತ್ತು ಇದ್ದವು, ಅವಳವು ಆರು. ಅವಳದೊಂದನ್ನು ಎತ್ತಿಕೊಂಡರು. ಎರಡು ಚಕ್ರವಾಕ, ಒಂದು ಕುತ್ತಿಗೆ ಎತ್ತಿ ಕೂಗುತ್ತಿದೆ, ಮೇಲೆಲ್ಲ ಮಂಜಿನಲ್ಲಿ ಕರಗಿದ ಘಾಟಿನ ಮೆಟ್ಟಿಲು.

"ಇದು ಛಲೋ ಬಂದದ ನೋಡವ್ವ. ಕೂಗಿದ್ದು ಕೇಳಿಸ್ತದ," ಅಂದರು ಅಜ್ಜಾರು. ನನ್ನ ಮುಖ ನೋಡಿ, "ನಿಮ್ಮವೂ ಸ್ವಚ್ಛ ಬಂದಾವ. ಆದ್ರ ಗ್ವಾಡಿ ಸಣ್ಣದು, ಅಡ್ಡ ಫೋಟೊ ಹಿಡಿಯಂಗಿಲ್ಲ. ಇನ್ನೊಂದು ಗ್ವಾಡಿ ಬರೋ ಕಾರ್ತಿಕಕ್ಕ ತುಂಬಿಸೋಣು" ಅಂದರು.

ಸ್ವಚ್ಛ ಬಂದಾವ! ಪಾತ್ರೆ ತೊಳೆದವಳಿಗೆ ಹೇಳುವ ಮಾತು.

ಅವತ್ತಿನಿಂದ ನನಗೆ ಪ್ರಸಾದ ರುಚಿಸಲಿಲ್ಲ. ಮೊದಲು ಗೋಡೆಗೇರಿದ ಆ ಫೋಟೊಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಆಮೇಲೆ ಎದುರಿಗೇ ಕೂತು ತಪ್ಪು ಹುಡುಕತೊಡಗಿದೆ. ಹಿಂದಿನ ಹಕ್ಕಿಯ ಬಾಲದ ತುದಿ ತುಸು ಮಸುಕಾಗಿದೆ. ಸಾರು ಕಲಸುತ್ತ ವಾರವಾರವೂ ಆ ಬಾಲ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಮ್ಮೆ ಬಾಗಲಕೋಟೆ ಕಡೆಯ ಯಾತ್ರಿಕಳೊಬ್ಬಳು, "ಎಷ್ಟ್ ಚಂದ ಐತ್ರಿ, ಯಾರ್ ತಗದಾರ್ರಿ ಇದನ್ನ?" ಎಂದು ಕೇಳಿದಳು. ತೆಗೆದವಳು ನನ್ನ ಪಕ್ಕದಲ್ಲೇ ಮಗಳಿಗೆ ಉಣಿಸುತ್ತ ಕೂತಿದ್ದಳು. ನಾನು, "ಯಾರೋ ರೈಲ್ವೆದವರು" ಅಂದೆ. ಅವಳು ನಕ್ಕುಬಿಟ್ಟಳು, ನಾನು ತಮಾಷೆ ಮಾಡಿದೆ ಅಂದುಕೊಂಡಳು.

ಅವಳ ಮೇಲೆ ಸಿಟ್ಟಾಗುವುದಕ್ಕೂ ದಾರಿ ಇರಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ತಂದವಳು, ಗ್ಯಾಸ್ ಮುಗಿದಾಗ ತನ್ನ ಮನೆಯ ಸಿಲಿಂಡರ್ ಕಳಿಸಿದವಳು ಅವಳೇ. ಎಲ್ಲರೆದುರು "ಅಕ್ಕನೇ ನಂಗೆ ಗುರು" ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ನನಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಮಳೆಗಾಲ ಬಂದು ಮರಳೆಲ್ಲ ನೀರಿನಲ್ಲಿ ಮುಳುಗಿತು. ಸಾರನಾಥದ ಆಚೆ ಭತ್ತ ಬೆಳೆಯುವ ರೈತರೊಬ್ಬರು ನಮ್ಮ ಬ್ಯಾಂಕಿನ ಗಿರಾಕಿ. ಅವರ ಗದ್ದೆಯ ನೀರಿನ ನಡುವೆ ಸಾರಸದ ಜೋಡಿಯೊಂದು ಹುಲ್ಲು ಗುಡ್ಡೆ ಹಾಕಿ ಗೂಡು ಕಟ್ಟಿದೆ, ಎರಡು ಮೊಟ್ಟೆ ಇಟ್ಟಿದೆ ಎಂದು ಅವರು ಕೌಂಟರಿನಲ್ಲಿ ನಿಂತು ಹೇಳಿದಾಗ ನಾನು ಎಣಿಸುತ್ತಿದ್ದ ನೋಟಿನ ಲೆಕ್ಕ ತಪ್ಪಿಹೋಯಿತು. ಸಾರಸವೆಂದರೆ ಮನುಷ್ಯನಷ್ಟೆತ್ತರದ ಹಕ್ಕಿ. ಆ ಎರಡನೇ ಗೋಡೆಗೆ ಇದಕ್ಕಿಂತ ಬೇರೆ ಏನು ಬೇಕು?

ರೈತರು ಗೂಡಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಎಂಬತ್ತು ಹೆಜ್ಜೆ ದೂರದ ಬದುವಿನ ಮೇಲೆ ಟ್ರೈಪಾಡ್ ಊರಿಕೊಂಡು ಕೂರಬಹುದು, ಅಷ್ಟೇ. ಮೊದಲ ಭಾನುವಾರ ಪಾಳಿ ಅವಳದಿತ್ತು. ಸರಿ, ಹಾರಿದ ಮೇಲೆ ನನ್ನದು ಎಂದು ಕಾದೆ. ಕಾವು ಕೂತ ಹಕ್ಕಿ ಹಾರುತ್ತದೆಯೇ? ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ, ಆದರೆ ಬದಲಾಯಿಸುವಾಗ ಎದ್ದು ಗಂಭೀರವಾಗಿ ನಡೆದುಹೋಗುತ್ತವೆ. ನಮ್ಮ ನಿಯಮದಲ್ಲಿ ನಡೆದುಹೋಗುವುದು ಲೆಕ್ಕಕ್ಕಿಲ್ಲ. ಬೆಳಗಿಂದ ಮಧ್ಯಾಹ್ನದವರೆಗೆ ಅವಳದೇ ಪಾಳಿ. ಮರುವಾರವೂ ಅವಳಿಂದಲೇ ಶುರು, ಅವಳಲ್ಲೇ ಮುಗಿಯಿತು. "ಅಕ್ಕ, ನೀವು ಸ್ವಲ್ಪ ತೆಗೀರಿ" ಎಂದು ಅವಳು ಎರಡು ಸಲ ಎದ್ದು ನಿಂತಳು. "ಪಾಳಿ ಅಂದ್ರ ಪಾಳಿ ತಂಗಿ" ಎಂದು ನಾನೇ ಬಿಗಿದುಕೊಂಡು ಕೂತೆ. ದಾನ ತೆಗೆದುಕೊಳ್ಳುವಷ್ಟು ಗತಿಗೆಟ್ಟಿದ್ದೇನೆಯೇ ಎಂದು ನನ್ನ ಜಂಬ.

ಭಾದ್ರಪದದ ಒಂದು ಶನಿವಾರ ಬೆಳಿಗ್ಗೆ ರೈತರು ಫೋನ್ ಮಾಡಿದರು. ಒಂದು ಮೊಟ್ಟೆ ಬಿರುಕು ಬಿಟ್ಟಿದೆ, ಒಳಗಿಂದ ಮರಿಯ ಸದ್ದು ಕೇಳುತ್ತಿದೆ, ನಾಳೆ ಬೆಳಗಾಗುವಷ್ಟರಲ್ಲಿ ಹೊರಗೆ ಬಂದಿರುತ್ತದೆ. ಮರಿ ಒಂದೆರಡು ದಿನದಲ್ಲೇ ಗೂಡು ಬಿಟ್ಟು ತಾಯಿಯ ಹಿಂದೆ ಭತ್ತದೊಳಗೆ ಹೋಗಿಬಿಡುತ್ತದೆ. ಆಮೇಲೆ ಕಾಣುವುದಿಲ್ಲ. ಅಂದರೆ ಇರುವುದೊಂದೇ ಭಾನುವಾರ, ಮತ್ತು ಆ ಭಾನುವಾರ ಅವಳ ಪಾಳಿ.

ನಾನು ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕಿದೆ. ಮರಿ ಅವಳಿಗೆ. ಎರಡನೇ ಗೋಡೆಯೂ ಅವಳಿಗೆ. ಹಾಲಿನ ಎರಡೂ ಕಡೆ ಅವಳ ಫೋಟೊ, ನಡುವೆ ಕೂತು ಸಾರು ಕಲಸುತ್ತಿರುವ ನಾನು. ಫೋನ್ ಎತ್ತಿ ಅವಳಿಗೆ ಹೇಳಿದೆ:

"ತಂಗಿ, ನಾಳೆ ಆಗಂಗಿಲ್ಲವಾ. ಕಾಲರಿನ ತಿರುಪಿನ ಥ್ರೆಡ್ ಹೋಗೇತಿ. ಬಿಗೀನೇ ಆಗವಲ್ದು. ಲೆನ್ಸ್ ಬಿದ್ದು ಒಡದ್ರ ಏನ್ ಗತಿ?"

ಕಾಲರು ನನ್ನೆದುರಿಗೆ ಮೇಜಿನ ಮೇಲೆ ಗಟ್ಟಿಮುಟ್ಟಾಗಿ ಕೂತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಇದರಿಂದ ನನಗೂ ಫೋಟೊ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಿಗದಿದ್ದರೆ ಬೇಡ. ಅವಳಿಗೂ ಸಿಗಬಾರದು, ಅಷ್ಟೇ ಬೇಕಾಗಿತ್ತು. ಮೋಡದ ಮುಂಜಾನೆ, ಮಬ್ಬು ಬೆಳಕು, ಟ್ರೈಪಾಡಿಲ್ಲದೆ ಆ ಲೆನ್ಸನ್ನು ಕೈಯಲ್ಲಿ ಹಿಡಿದರೆ ಎಲ್ಲ ಅಲುಗಿಹೋಗುತ್ತದೆ. ಇದನ್ನು ಅವಳಿಗೆ ಕಲಿಸಿದ್ದೂ ನಾನೇ.

"ಅಯ್ಯೋ, ಇಷ್ಟೇನಾ ಅಕ್ಕ? ನಮ್ಮ ಆಫೀಸಿನ ಹಿಂದೆ ಲೇತ್ ಮೆಷಿನ್ ಇಟ್ಕೊಂಡಿರೋ ಒಬ್ರು ಖರಾದ್ ಮಿಸ್ತ್ರಿ ಇದ್ದಾರೆ, ಎಂಥ ಥ್ರೆಡ್ ಹೋದ್ರೂ ಸರಿ ಮಾಡ್ತಾರೆ. ನಾನೇ ಬಂದು ತಗೊಂಡ್ಹೋಗ್ತೀನಿ" ಅಂದಳು. ನಾನು ಬೇಡ ಅನ್ನುವ ಮೊದಲೇ ಫೋನ್ ಇಟ್ಟಳು.

ಈಗ ನನಗೆ ಪೇಚಾಟ. ಸುಳ್ಳನ್ನು ನಿಜ ಮಾಡಬೇಕು. ಇಕ್ಕಳ ಹುಡುಕಿ ತಂದೆ. ತಿರುಪನ್ನು ಹೊರಗೆ ತೆಗೆದು ಅದರ ಸುತ್ತುಗಳನ್ನು ಇಕ್ಕಳದಲ್ಲಿ ಹಿಡಿದುಕೊಂಡೆ. ಜಜ್ಜಿಬಿಟ್ಟರೆ ಆಯಿತು. ಆದರೆ ಜಜ್ಜಲಿಲ್ಲ. ಪಾಪಪ್ರಜ್ಞೆಯೇನೂ ಅಲ್ಲ, ಕಾಲರು ನನ್ನದಲ್ಲವೇ, ಮನಸ್ಸು ಬರಲಿಲ್ಲ. ಹೀಗೆ ಹಿಂದೆಮುಂದೆ ನೋಡುತ್ತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು. ತಿರುಪನ್ನು ಗಡಬಡಿಸಿ ಮತ್ತೆ ಹಾಕಿ ಇಕ್ಕಳವನ್ನು ಅಕ್ಕಿ ಡಬ್ಬಿಯೊಳಗೆ ಬಿಸುಟು ಬಾಗಿಲು ತೆಗೆದೆ.

ಅವಳು ಕಾಲರನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ತಿರುಪು ಬಿಗಿದಳು. ಬಿಗಿಯಿತು.

"ನೋಡಿದ್ರ ಗೊತ್ತಾಗಂಗಿಲ್ಲ. ಭಾರ ಬಿದ್ದಾಗ ಜಾರತೇತಿ," ಅಂದೆ.

"ಹೌದಾ? ಸರಿ ಅಕ್ಕ, ಅವರಿಗೆ ಹಾಗೇ ಹೇಳ್ತೀನಿ" ಎಂದು ಚೀಲಕ್ಕೆ ಹಾಕಿಕೊಂಡು ಇಳಿದುಹೋದಳು.

ಸಂಜೆ ಐದಕ್ಕೆ ತಿರುಗಿ ಬಂದಳು. ಮೆಟ್ಟಿಲು ಹತ್ತುವಾಗಲೇ ಕೂಗುತ್ತಿದ್ದಳು, "ಸರಿಯಾಯ್ತು ಅಕ್ಕಾ!" ಕಾಲರಿನ ತಿರುಪಿನ ಬುಡದಲ್ಲಿ ಹೊಸದೊಂದು ಹಿತ್ತಾಳೆ ವಾಷರ್ ಹೊಳೆಯುತ್ತಿತ್ತು. "ಥ್ರೆಡ್ ಸ್ವಲ್ಪ ಸವೆದಿತ್ತಂತೆ. ಇದನ್ನ ಹಾಕಿದ್ಮೇಲೆ ಜಾರಲ್ಲ ಅಂದ್ರು. ನೀವು ಹೇಳಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಲೆನ್ಸ್ ಹೋಗಿರೋದು."

ನನಗೆ ಎಷ್ಟು ಹಗುರವಾಯಿತೆಂದರೆ ಅವಳಿಗೆ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟೆ. ಥ್ರೆಡ್ ನಿಜವಾಗಿಯೂ ಸವೆದಿತ್ತು! ನಾನು ಸುಳ್ಳು ಹೇಳಿಯೇ ಇರಲಿಲ್ಲ. ನನ್ನ ಕೈಗೆ ಅದು ಮೊದಲೇ ತಿಳಿದಿರಬೇಕು, ಬಾಯಿಗೆ ತಿಳಿಯುವ ಮೊದಲು. ಇಷ್ಟು ವರ್ಷ ಟ್ರೈಪಾಡ್ ಹಿಡಿದವಳಲ್ಲವೇ. ರಾತ್ರಿ ಮಲಗುವ ಹೊತ್ತಿಗೆ ನನ್ನ ಮಾತನ್ನು ನಾನೇ ಪೂರ್ತಿ ನಂಬಿಬಿಟ್ಟಿದ್ದೆ.

ಮರುದಿನ ಬೆಳಕು ಹರಿಯುವಾಗ ಬದುವಿನ ಮೇಲಿದ್ದೆವು. ಟ್ರೈಪಾಡ್ ಊರಿ, ಕಾಲರಿನ ಪಾದ ಕೂರಿಸಿ ನಾನು ಪಕ್ಕಕ್ಕೆ ಸರಿದೆ. ಅವಳು ತನ್ನ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

"ಮೊದ್ಲು ನೀವು ಅಕ್ಕ."

"ಪಾಳಿ ನಿಂದೈತಿ."

"ಕಾಲರ್ ರಿಪೇರಿ ಆದ್ಮೇಲೆ ಹೊಸದಾಗಿ ಶುರು. ಕಾಲರ್ ನಿಮ್ದು, ಶುರುನೂ ನಿಮ್ದೇ."

ಈ ತರ್ಕ ನನಗೆ ಬಹಳ ಸರಿಯಾಗಿ ಕಂಡಿತು. ಕೂತೆ. ಸಾರಸ ಗೂಡಿನ ಮೇಲೆ ಎದ್ದು ನಿಂತಿತ್ತು. ಅದರ ಕಾಲುಗಳ ನಡುವೆ ದಾಲ್ಚಿನ್ನಿ ಬಣ್ಣದ ಒಂದು ಒದ್ದೆ ಮುದ್ದೆ ಅಲುಗಾಡುತ್ತಿತ್ತು. ಅಡ್ಡ ಚೌಕಟ್ಟಿನಲ್ಲಿ ಮರಿ ಬಂದರೆ ತಾಯಿಯ ತಲೆ ಹೋಗುತ್ತದೆ, ತಲೆ ಬಂದರೆ ಮರಿ ಹೋಗುತ್ತದೆ. ನಾನು ಬೆವರತೊಡಗಿದೆ.

ಕಿವಿಯ ಹತ್ತಿರ ಅವಳ ಪಿಸುಮಾತು. "ಉದ್ದಕ್ಕೆ ತಿರುಗಿಸಿ ಅಕ್ಕ. ಬಲಕ್ಕೆ."

ತಿರುಪು ಸಡಿಲಿಸಿ ಬಲಕ್ಕೆ ತಿರುಗಿಸಿದೆ. ಆ ಉದ್ದನೆಯ ಬೂದು ಕುತ್ತಿಗೆ ಮೇಲಿಂದ ಕೆಳಗೆ ಬಾಗಿ, ಕೆಂಪು ತಲೆ ಮರಿಯ ಬೆನ್ನಿಗೆ ತಾಗುವಷ್ಟು ಇಳಿಯಿತು. ಉಸಿರು ಹಿಡಿದು ಒತ್ತಿದೆ. ಒಂದೇ ಸಲ ಆಯಿತು, ಮತ್ತೆ ಅದು ಕಾವಿಗೆ ಕೂತುಬಿಟ್ಟಿತು, ಮರಿ ರೆಕ್ಕೆಯೊಳಗೆ ಹೋಯಿತು. ಮಧ್ಯಾಹ್ನದವರೆಗೆ ಕಾದರೂ ಹೊರಗೆ ಬರಲಿಲ್ಲ, ಹಕ್ಕಿ ಹಾರಲೂ ಇಲ್ಲ. ಅವಳು ಒಂದು ಫೋಟೊವನ್ನೂ ತೆಗೆಯದೆ ಮನೆಗೆ ಬಂದಳು.

ಕಾರ್ತಿಕದಲ್ಲಿ ಎರಡನೇ ಗೋಡೆಯ ಮೇಲೆ ನನ್ನ ಸಾರಸ ಏರಿತು, ಕೆಳಗೆ ನನ್ನ ಹೆಸರು. ಅಜ್ಜಾರು ಬಹಳ ಹೊತ್ತು ನೋಡಿ, "ತಾಯಿ ಬಾಗ್ಯಾಳ" ಎಂದಷ್ಟೇ ಅಂದರು. ಹಾಲಿನಲ್ಲಿ ಎಲ್ಲರಿಗೂ ಪೇಡೆ ಹಂಚಿದವಳು ಅವಳು. ನನಗಿಂತ ಹೆಚ್ಚು ಸಂತೋಷ ಅವಳಿಗೇಕೆ ಎಂದು ಅದಕ್ಕೂ ನನಗೆ ಕಿರಿಕಿರಿಯಾಯಿತು. ಆದರೂ ಆ ಕೆಲವು ವಾರ ನಾನು ಸುಖವಾಗಿದ್ದೆ. ಎದುರು ಗೋಡೆಯ ಚಕ್ರವಾಕದ ಮಸುಕು ಬಾಲವನ್ನು ನೋಡುವುದನ್ನೇ ಮರೆತಿದ್ದೆ.

ಚಳಿ ಶುರುವಾದ ಮೇಲೆ ಟ್ರೈಪಾಡಿನ ಒಂದು ಕಾಲಿನ ಬಿಗಿ ಹೋಯಿತು, ಈ ಸಲ ನಿಜವಾಗಿ. ಅವಳು ಹೇಳಿದ್ದ ಖರಾದ್ ಅಂಗಡಿಗೆ ನಾನೇ ಹೊತ್ತುಕೊಂಡು ಹೋದೆ. ಕನ್ನಡಕವನ್ನು ದಾರದಲ್ಲಿ ಕಿವಿಗೆ ಕಟ್ಟಿಕೊಂಡ ಮುದುಕರು. ಕಾಲಿನ ಕೆಲಸ ಮಾಡುತ್ತಿರುವಾಗ ನಾನು ಕೃತಜ್ಞತೆಯಿಂದ, ನೀವು ಮಳೆಗಾಲದಲ್ಲಿ ನಮ್ಮದೊಂದು ಬಳೆಯ ಥ್ರೆಡ್ ಸರಿಮಾಡಿದಿರಿ, ಹಿತ್ತಾಳೆ ವಾಷರ್ ಹಾಕಿದಿರಿ, ಬಹಳ ಚೆನ್ನಾಗಿದೆ ಎಂದು ಹಿಂದಿಯಲ್ಲಿ ಹೇಳಿದೆ.

ಅವರು ತಲೆಯೆತ್ತಿ ನೆನಪು ಮಾಡಿಕೊಂಡರು. "ಅರೇ, ಉಸಮೇ ತೋ ಕುಛ್ ಥಾ ಹೀ ನಹೀಂ," ಅಂದರು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಥ್ರೆಡ್ ಹೊಸದರ ಹಾಗಿತ್ತು. ಒಂದು ಇಟ್ಟಿಗೆ ಕಟ್ಟಿ ತೂಗುಹಾಕಿಯೂ ನೋಡಿದರಂತೆ, ಕೂದಲೆಳೆಯಷ್ಟೂ ಜಾರಲಿಲ್ಲ. ತಗೊಂಡು ಹೋಗಿ ಎಂದು ಕೊಟ್ಟರಂತೆ. "ಆ ಮೇಡಮ್ ಅದನ್ನ ಹಿಡಕೊಂಡು ಅಲ್ಲೇ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು," ಎಂದು ಮುದುಕರು ತಮ್ಮ ಹಿಂದಿಯಲ್ಲಿ ಹೇಳಿದರು. "ಆಮೇಲೆ ಮತ್ತೆ ಒಳಗೆ ಬಂದು, ಬಾಬಾ, ಏನಾದರೂ ಒಂದು ಮಾಡಿಕೊಡಿ, ರಿಪೇರಿ ಮಾಡಿದ್ದು ಕಾಣಬೇಕು ಅಂದರು. ಯಾಕೆ ಅಂತ ಕೇಳಿದೆ. ನಮ್ಮಕ್ಕನಿಗೆ ಸಮಾಧಾನ ಆಗಬೇಕು ಅಂದರು. ವಾಷರ್ ಹಾಕಿಕೊಟ್ಟೆ."

ಬಾಗಿಲಲ್ಲಿ ನಿಂತಷ್ಟು ಹೊತ್ತಿನಲ್ಲಿ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಫೋನ್ ಮಾಡಿದ್ದು ಯಾಕೆ, ಯಾರ ಪಾಳಿ ಇತ್ತು, ಗೋಡೆ, ಎಲ್ಲ. ನನ್ನ ಮನೆಗೆ ಬಂದು ಕಾಲರನ್ನು ಮುಖದ ಮೇಲೆ ಎಸೆಯಬಹುದಿತ್ತು, ನಾನಾಗಿದ್ದರೆ ಖಂಡಿತ ಎಸೆಯುತ್ತಿದ್ದೆ. ಅವಳು ನನ್ನ ಸುಳ್ಳಿಗೆ ಒಂದು ಹಿತ್ತಾಳೆ ವಾಷರ್ ಹಾಕಿಸಿಕೊಂಡು, ಮೆಟ್ಟಿಲ ಮೇಲೇ "ಸರಿಯಾಯ್ತು ಅಕ್ಕಾ" ಎಂದು ಕೂಗುತ್ತ ಬಂದಳು. ಪಾಳಿಯನ್ನೂ ಕೊಟ್ಟಳು. ತನಗೆ ಗೊತ್ತಾಗಿದೆ ಎಂಬುದು ಕೂಡ ನನಗೆ ಗೊತ್ತಾಗದ ಹಾಗೆ ನೋಡಿಕೊಂಡಳು.

ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ, ಮೊದಲಿಗಿಂತ ಜೋರಾಗಿ. ಫೋಟೊದಲ್ಲಿ ಅವಳು ನನ್ನನ್ನು ದಾಟಿದ್ದನ್ನು ಹೇಗೋ ಸಹಿಸಿಕೊಳ್ಳಬಹುದು, ಅವಳ ವಯಸ್ಸು ಚಿಕ್ಕದು, ಅದೃಷ್ಟ ದೊಡ್ಡದು ಎಂದು ಹೇಳಿಕೊಳ್ಳಬಹುದು. ಇದಕ್ಕೆ ಏನು ಹೇಳಿಕೊಳ್ಳಲಿ? ಇಂಥದ್ದೊಂದು ನನಗೆ ಹೊಳೆಯುವುದಾದರೂ ಹೊಳೆಯುತ್ತಿತ್ತೇ?

ಮುಂದಿನ ಭಾನುವಾರ ಮರಳಿಗೆ ಹೋದೆವು. ಚಕ್ರವಾಕಗಳು ಬಂದಿದ್ದವು, ಪಾಳಿ ಅವಳದು. ಅವಳು ಲೆನ್ಸಿಗೆ ಕಣ್ಣಿಟ್ಟು ಕೂತಿದ್ದಳು, ನಾನು ಹಿಂದೆ ನಿಂತಿದ್ದೆ. ಇವತ್ತು ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ತಂಗಿ, ಆವತ್ತು ಆ ಕಾಲರು..."

ಅವಳು ಕಣ್ಣು ತೆಗೆಯಲಿಲ್ಲ. ತಿರುಪಿನ ಮೇಲಿದ್ದ ಬೆರಳು ಮಾತ್ರ ನಿಂತಿತು. ದಿನದಿನದ ದನಿಯಲ್ಲೇ, "ಮಿಸ್ತ್ರಿ ಚೆನ್ನಾಗಿ ಮಾಡಿಕೊಟ್ರು ಅಲ್ವಾ ಅಕ್ಕ?" ಅಂದಳು.

ಗಾಳಿಗೆ ಮರಳು ಏಳುತ್ತಿತ್ತು. ಟ್ರೈಪಾಡಿನ ಚೀಲವನ್ನು ಲೆನ್ಸಿಗೆ ಮರೆಯಾಗಿ ಹಿಡಿದೆ.

"ಹೂಂ ತಂಗಿ," ಅಂದೆ, "ಛಲೋ ಮಾಡಿಕೊಟ್ಟಾನ. ಥ್ರೆಡ್ ಪೂರಾ ಸವದಿತ್ತು."

ಕಾಲರಿನ ಬಗ್ಗೆ ನಾನು ಹೇಳಿದ ಎರಡನೇ ಸುಳ್ಳು ಅದು. ಇದನ್ನು ಅವಳಿಂದ ಕಲಿತೆ, ಆದರೆ ಅವಳಷ್ಟು ಚೆನ್ನಾಗಿ ಬರಲಿಲ್ಲ.